ಮಕ್ಕಳ ಸೋರುವ ಕಿವಿ ಮತ್ತು ಮಂದ ಶ್ರವಣ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಗ್ರಾಮ ಸಭೆಯ ಮುಂದೆ ಬರುವ ವಿಷಯಗಳಲ್ಲಿ ಕುಡಿಯುವ ನೀರು, ರಸ್ತೆ, ಚರಂಡಿ, ಬೀದಿ ದೀಪಗಳಿಗೆ ಮೊದಲ ಸ್ಥಾನ ದೊರೆಯುವುದು ಸಹಜ. ಆರೋಗ್ಯದ ಮಾತು ಬಂದಾಗಲೂ ಡೆಂಗಿ, ವಾಂತಿಭೇದಿ, ಅಪೌಷ್ಟಿಕತೆಗಳು ಚರ್ಚೆಯಾಗುತ್ತವೆ. ಮಗುವಿನ ಕಿವಿ ಸೋರುತ್ತಿದೆ ಎಂಬ ಸಂಗತಿ ಯಾವ ಸಭೆಯ ನಡಾವಳಿಯಲ್ಲಿಯೂ ದಾಖಲಾಗುವುದು ವಿರಳ. ಅದಕ್ಕೆ ಕಾರಣ ಅದು ಅಪರೂಪದ ತೊಂದರೆ ಎಂಬುದಲ್ಲ, ಅದನ್ನು ಯಾರೂ ಕಾಯಿಲೆಯೆಂದು ಪರಿಗಣಿಸುವುದಿಲ್ಲ ಎಂಬುದೇ ಆಗಿದೆ. “ಮಕ್ಕಳಿಗೆ ಕಿವಿ ಸೋರುವುದು ಇದ್ದದ್ದೇ, ದೊಡ್ಡವರಾದ ಮೇಲೆ ತಾನಾಗಿಯೇ ನಿಲ್ಲುತ್ತದೆ” ಎಂಬ ಮಾತು ಬಹುತೇಕ ಎಲ್ಲ ಗ್ರಾಮಗಳಲ್ಲಿಯೂ ಕೇಳಿಬರುತ್ತದೆ. ಕೆಲವರಿಗೆ ಅದು ನಿಲ್ಲುವುದೂ ಉಂಟು. ನಿಲ್ಲದೆ ಉಳಿದ ಮಕ್ಕಳು ಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತು, ಪಾಠ ಅರ್ಧಂಬರ್ಧ ಕೇಳಿಸಿಕೊಂಡು, ದಡ್ಡರೆಂದು ಕರೆಸಿಕೊಂಡು, ಕ್ರಮೇಣ ಶಾಲೆಯಿಂದಲೇ ದೂರವಾಗುವ ಸಂಭವವಿದೆ.

ಮಕ್ಕಳ ಕಿವಿ, ಮೂಗು ಮತ್ತು ಗಂಟಲಿನ ಸಾಮಾನ್ಯ ತೊಂದರೆಗಳನ್ನು ಇಲ್ಲಿ ವಿವರಿಸಲಾಗಿದೆ. ಕಿವಿಯ ವಿಷಯಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ. ಪಂಚಾಯಿತಿಯ ಮಟ್ಟದಲ್ಲಿ ಹೆಚ್ಚು ಕೆಲಸ ಸಾಧ್ಯವಿರುವುದು ಅಲ್ಲಿಯೇ.

ಇಳಿಜಾರಿಲ್ಲದ ನಾಳ

ಕಿವಿ, ಮೂಗು, ಗಂಟಲು ಮೂರು ಬೇರೆ ಬೇರೆ ಅಂಗಗಳಂತೆ ಕಂಡರೂ ಒಳಗಿನಿಂದ ಒಂದಕ್ಕೊಂದು ಕೂಡಿಕೊಂಡಿವೆ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ. ಇದೇ ಮಧ್ಯಕಿವಿ. ಈ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಾಳವೆಂಬ ಸಣ್ಣ ಕೊಳವೆ ಇಳಿದಿರುತ್ತದೆ. ನುಂಗುವಾಗ, ಆಕಳಿಸುವಾಗ ಅದು ಕ್ಷಣಕಾಲ ತೆರೆದುಕೊಂಡು ಮಧ್ಯಕಿವಿಯ ಗಾಳಿಯ ಒತ್ತಡವನ್ನು ಹೊರಗಿನ ಒತ್ತಡಕ್ಕೆ ಸರಿದೂಗಿಸುತ್ತದೆ, ಒಳಗೆ ಸೇರಿದ ದ್ರವವನ್ನೂ ಹೊರಹಾಕುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸು ಇಳಿಯುವಾಗ ಕಿವಿ ಕಟ್ಟಿದಂತಾಗಿ, ಎಂಜಲು ನುಂಗಿದೊಡನೆ ಬಿಟ್ಟುಕೊಳ್ಳುವುದು ಈ ನಾಳದ ಕೆಲಸದಿಂದಲೇ.

ವಯಸ್ಕರಲ್ಲಿ ಈ ನಾಳ ಉದ್ದವಾಗಿದ್ದು ಸಾಕಷ್ಟು ಓರೆಯಾಗಿ ಇಳಿದಿರುತ್ತದೆ. ಶಿಶುವಿನಲ್ಲಿ ಅದರ ಉದ್ದ ವಯಸ್ಕರದರ ಸುಮಾರು ಅರ್ಧದಷ್ಟು ಮಾತ್ರ. ಇಳಿಜಾರಂತೂ ಸುಮಾರು 10 ಡಿಗ್ರಿ, ಎಂದರೆ ಹೆಚ್ಚುಕಡಿಮೆ ಸಮತಟ್ಟು. ಇಳಿಜಾರು ಕೊಡದೆ ಕಟ್ಟಿದ ಚರಂಡಿಯಲ್ಲಿ ಏನಾಗುತ್ತದೆಂಬುದನ್ನು ಪಂಚಾಯಿತಿ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ನೀರು ನಿಲ್ಲುತ್ತದೆ, ನಿಂತ ನೀರು ಕೊಳೆಯುತ್ತದೆ. ನೆಗಡಿಯಾದಾಗ ಮೂಗಿನ ಒಳಪೊರೆ ಊದಿಕೊಂಡು ಈ ನಾಳದ ಬಾಯಿ ಮುಚ್ಚಿಹೋಗುತ್ತದೆ, ಮಧ್ಯಕಿವಿಯಲ್ಲಿ ದ್ರವ ಸಂಗ್ರಹವಾಗುತ್ತದೆ, ರೋಗಾಣುಗಳು ಸೇರಿದರೆ ಕೀವಾಗುತ್ತದೆ. ಕೀವಿನ ಒತ್ತಡ ಹೆಚ್ಚಿದಾಗ ಮಗು ರಾತ್ರಿಯಿಡೀ ಕಿವಿ ಹಿಡಿದುಕೊಂಡು ಅಳುತ್ತದೆ, ಜ್ವರ ಬರುತ್ತದೆ. ಬೆಳಗಿನ ಜಾವ ತಮಟೆ ತೂತಾಗಿ ಕೀವು ಹೊರಬಂದೊಡನೆ ನೋವು ಇಳಿದು ಮಗು ನಿದ್ರಿಸುತ್ತದೆ. ಮನೆಯವರು ಕಾಯಿಲೆ ವಾಸಿಯಾಯಿತೆಂದು ನೆಮ್ಮದಿಪಡುವುದು ಈ ಹಂತದಲ್ಲಿ. ಇಳಿದದ್ದು ಒತ್ತಡ ಮಾತ್ರ; ಸೋಂಕು ಉಳಿದಿರಬಹುದು.

ಮಲಗಿದ ಮಗುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದು, ಸೌದೆ ಒಲೆಯ ಹೊಗೆ, ಮನೆಯೊಳಗೆ ಬೀಡಿ ಸೇದುವುದು, ಇಕ್ಕಟ್ಟಾದ ವಾಸ ಮತ್ತು ಅಪೌಷ್ಟಿಕತೆ ಇವೆಲ್ಲ ಕಿವಿಯ ಸೋಂಕನ್ನು ಹೆಚ್ಚಿಸುತ್ತವೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ನೀಡುವುದು ಸೋಂಕಿನಿಂದ ರಕ್ಷಣೆ ಕೊಡುತ್ತದೆ.

ಹದಿನಾಲ್ಕು ದಿನಗಳ ಗಡಿ

ಆಶಾ ಕಾರ್ಯಕರ್ತೆಯರು ಹಾಗೂ ಆರೋಗ್ಯ ಸಿಬ್ಬಂದಿ ಅನುಸರಿಸುವ ಶಿಶು ಚಿಕಿತ್ಸಾ ಮಾರ್ಗಸೂಚಿಯಲ್ಲಿ 14 ದಿನಗಳೆಂಬ ಒಂದು ಸರಳ ಗಡಿಯಿದೆ. ಅದಕ್ಕಿಂತ ಕಡಿಮೆ ಅವಧಿಯ ಸೋರಿಕೆಯನ್ನು ತೀವ್ರ ಸೋಂಕು ಎಂದೂ, 14 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಸೋರಿದರೆ ದೀರ್ಘಕಾಲೀನ ಸೋಂಕು ಎಂದೂ ಪರಿಗಣಿಸಲಾಗುತ್ತದೆ. ಮೊದಲನೆಯದು ಸೂಕ್ತ ಔಷಧದಿಂದ ಸಾಮಾನ್ಯವಾಗಿ ಗುಣವಾಗಿ, ತಮಟೆಯ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎರಡನೆಯದರಲ್ಲಿ ತೂತು ಉಳಿದುಬಿಡುತ್ತದೆ. ನೆಗಡಿಯಾದಾಗಲೆಲ್ಲ, ಕೆರೆಯಲ್ಲಿ ಈಜಿದಾಗಲೆಲ್ಲ ಕಿವಿ ಮತ್ತೆ ಸೋರಲಾರಂಭಿಸುತ್ತದೆ. ಎಷ್ಟು ದಿನದಿಂದ ಸೋರುತ್ತಿದೆ ಎಂಬ ಒಂದು ಪ್ರಶ್ನೆಯನ್ನು ಯಾವ ಸದಸ್ಯರೂ ಯಾವ ಮನೆಯಲ್ಲಿಯೂ ಕೇಳಬಹುದು. ಅದಕ್ಕೆ ವೈದ್ಯಕೀಯ ಜ್ಞಾನ ಬೇಕಿಲ್ಲ.

ಸೋರುವ ಕಿವಿಯ ಆರೈಕೆಯಲ್ಲಿ ಮುಖ್ಯವಾದುದು ಅದನ್ನು ಒಣಗಿಸುವುದು. ಸ್ವಚ್ಛವಾದ ಮೆತ್ತನೆಯ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದೊಡನೆ ತೆಗೆದು ಹೊಸ ಬತ್ತಿ ಇಡಬೇಕು. ಬತ್ತಿ ಒಣಗಿಯೇ ಹೊರಬರುವವರೆಗೆ ಹೀಗೆ ಮಾಡಿ, ದಿನಕ್ಕೆ ಮೂರು ಬಾರಿ ಪುನರಾವರ್ತಿಸಬೇಕು. ಕಡ್ಡಿಯನ್ನು ಬಳಸಬಾರದು. ಬತ್ತಿಯನ್ನು ಕಿವಿಯಲ್ಲಿ ಬಿಟ್ಟುಬಿಡಬಾರದು. ಸ್ನಾನದ ವೇಳೆ ವ್ಯಾಸಲಿನ್ ಸವರಿದ ಹತ್ತಿಯಿಂದ ಹೊರಕಿವಿಯನ್ನು ಮುಚ್ಚಿ ನೀರು ಹೋಗದಂತೆ ನೋಡಿಕೊಳ್ಳಬೇಕು. ಕಿವಿ ಗುಣವಾಗುವವರೆಗೆ ಕೆರೆ, ಬಾವಿ, ಕಾಲುವೆಗಳಲ್ಲಿ ಈಜು ಬೇಡ. ಕಿವಿಗೆ ಹಾಕುವ ಹನಿಗಳನ್ನು ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಮೇಲೆಯೇ ಬಳಸಬೇಕು. ಹಿಂದಿನ ವರ್ಷ ಅಕ್ಕನಿಗೆ ತಂದ ಬಾಟಲಿಯಲ್ಲಿ ಉಳಿದಿರುವುದನ್ನು ತಮ್ಮನಿಗೆ ಹಾಕುವ ರೂಢಿ ಅಪಾಯಕಾರಿ. ಕೆಲವು ಹನಿಗಳು ತೂತಾದ ತಮಟೆಯ ಮೂಲಕ ಒಳಕಿವಿಗೆ ಹೋಗಿ ಹಾನಿಮಾಡಬಲ್ಲವು.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಸೊಪ್ಪಿನ ರಸ, ಎದೆಹಾಲು ಇವುಗಳನ್ನು ಕಿವಿಗೆ ಬಿಡುವುದು ಬಹುಕಾಲದ ರೂಢಿ. ಹಿರಿಯರು ಇದನ್ನು ಮಗುವಿನ ಮೇಲಿನ ಅಕ್ಕರೆಯಿಂದಲೇ ಮಾಡುತ್ತಾರೆ. ಅವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ತೂತಾದ ತಮಟೆಯಿರುವ ಕಿವಿಗೆ ಹೊರಗಿನಿಂದ ಯಾವ ದ್ರವ ಬಿಟ್ಟರೂ ಅದು ನೇರವಾಗಿ ಮಧ್ಯಕಿವಿಗೆ ಹೋಗಿ ಸೋಂಕನ್ನು ಬೆಳೆಸುತ್ತದೆ ಎಂಬುದನ್ನು ಅಜ್ಜಿಯಂದಿರಿಗೇ ಕೂರಿಸಿ ತಿಳಿಸಬೇಕು. ತಾಯಿಗೆ ಮಾತ್ರ ಹೇಳಿದರೆ ಸಾಲದು, ಬಹಳಷ್ಟು ಮನೆಗಳಲ್ಲಿ ಎಣ್ಣೆಯ ಬಟ್ಟಲು ಅಜ್ಜಿಯ ಕೈಯಲ್ಲಿರುತ್ತದೆ. ಗುಗ್ಗೆ ತೆಗೆಯಲೆಂದು ಹೇರ್‌ಪಿನ್ನು, ಬೆಂಕಿಕಡ್ಡಿ, ಕೋಳಿಪುಕ್ಕ ಹಾಕುವುದೂ ಸಲ್ಲದು. ಗುಗ್ಗೆಯು ಕೊಳೆಯಲ್ಲ, ಕಿವಿಯನ್ನು ಕಾಯುವ ವಸ್ತು; ಸಾಮಾನ್ಯವಾಗಿ ತಾನಾಗಿಯೇ ಹೊರಬರುತ್ತದೆ.

ತಡಮಾಡಬಾರದ ಲಕ್ಷಣಗಳೂ ಇವೆ. ಕಿವಿಯ ಹಿಂಭಾಗದ ಮೂಳೆಯ ಮೇಲೆ ನೋವಿನಿಂದ ಕೂಡಿದ ಊತ, ಕಿವಿ ಮುಂದಕ್ಕೆ ಬಾಗಿದಂತೆ ಕಾಣುವುದು, ಸೋರುವ ಕಿವಿಯೊಡನೆ ತೀವ್ರ ತಲೆನೋವು, ವಾಂತಿ, ತಲೆಸುತ್ತು, ಮುಖ ಒಂದು ಕಡೆಗೆ ಸೊಟ್ಟಗಾಗುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ, 108 ಆಂಬುಲೆನ್ಸ್ ಕರೆಸಿಯಾದರೂ, ಆಸ್ಪತ್ರೆಗೆ ಕರೆದೊಯ್ಯಬೇಕು. ಸೋಂಕು ಮೂಳೆಗೆ ಅಥವಾ ಮಿದುಳಿನ ಪೊರೆಗೆ ಹರಡುತ್ತಿರುವ ಸೂಚನೆಗಳಿವು. ಸ್ವಲ್ಪವೇ ಸೋರುತ್ತಿದ್ದರೂ ಅಸಹನೀಯ ದುರ್ವಾಸನೆಯಿದ್ದರೆ ಅದೂ ಲಘುವಲ್ಲ. ತಮಟೆಯ ಚರ್ಮ ಒಳಕ್ಕೆ ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುವ ಒಂದು ಬಗೆಯ ರೋಗವಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ.

ಸೋರದ ಕಿವಿಯಲ್ಲಿಯೂ ದ್ರವವಿರಬಹುದು

ಸೋರುವ ಕಿವಿ ಕಣ್ಣಿಗೆ ಕಾಣುತ್ತದೆ. ಕಾಣದೆ ಉಳಿಯುವ ಇನ್ನೊಂದು ತೊಂದರೆಯಿದೆ. ಕೆಲವು ಮಕ್ಕಳ ಮಧ್ಯಕಿವಿಯಲ್ಲಿ ಅಂಟಿನಂತಹ ದ್ರವ ತುಂಬಿಕೊಂಡಿರುತ್ತದೆ. ನೋವಿಲ್ಲ, ಜ್ವರವಿಲ್ಲ, ಕೀವೂ ಇಲ್ಲ. ತಮಟೆ ಸರಿಯಾಗಿ ಕಂಪಿಸಲಾಗದೆ ಮಗುವಿಗೆ 20ರಿಂದ 30 ಡೆಸಿಬಲ್‌ಗಳಷ್ಟು ಶ್ರವಣ ಕುಂದುತ್ತದೆ. ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಮಾತು ಕೇಳಿಸಿಕೊಂಡರೆ ಅದರ ಅನುಭವವಾಗುತ್ತದೆ. ಮಗು ಕಿವುಡಲ್ಲ; ಹತ್ತಿರ ನಿಂತು ಜೋರಾಗಿ ಕರೆದರೆ ತಿರುಗುತ್ತದೆ. ಆದ್ದರಿಂದಲೇ ಮನೆಯವರಿಗೆ ಸಂಶಯ ಬರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಈ ದ್ರವ ಸುಮಾರು ಮೂರು ತಿಂಗಳೊಳಗೆ ತಾನಾಗಿಯೇ ಇಂಗುತ್ತದೆ; ಇಂಗದಿದ್ದವರಿಗೆ ತಜ್ಞರ ಚಿಕಿತ್ಸೆ ಬೇಕು.

ಇಂತಹ ಮಗು ತರಗತಿಯಲ್ಲಿ ಎದುರಿಸುವ ಕಷ್ಟವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಶಿಕ್ಷಕರ ಧ್ವನಿ 1 ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇದೆಯೆಂದು ಭಾವಿಸೋಣ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬಲ್ ಇಳಿಯುತ್ತದೆ: 2 ಮೀಟರಿಗೆ 54, 4 ಮೀಟರಿಗೆ 48. ಅಲ್ಲಿ ಕುಳಿತ ಮಗುವಿಗೆ 30 ಡೆಸಿಬಲ್ ಶ್ರವಣ ನಷ್ಟವಿದ್ದರೆ ಅದರ ಪಾಲಿಗೆ ಉಳಿಯುವುದು 18, ಪಿಸುಮಾತಿಗಿಂತಲೂ ಕಡಿಮೆ. ಕೊಠಡಿಯೊಳಗೆ ಗೋಡೆಗಳಿಂದ ಧ್ವನಿ ಹಿಂದಿರುಗುವುದರಿಂದ ಇಳಿಕೆ ಇಷ್ಟು ಕಡಿದಾಗಿರುವುದಿಲ್ಲ ನಿಜ. ಆದರೆ ಅದೇ ಪ್ರತಿಧ್ವನಿ ಅಕ್ಷರಗಳನ್ನು ಒಂದರ ಮೇಲೊಂದು ಬೀಳಿಸಿ ಮಾತನ್ನು ಅಸ್ಪಷ್ಟಗೊಳಿಸುತ್ತದೆ. ತಗಡಿನ ಛಾವಣಿಯ ಮೇಲೆ ಮಳೆ ಸುರಿಯುವಾಗ ಈ ಲೆಕ್ಕವೂ ಬೇಕಾಗಿಲ್ಲ, ಆರೋಗ್ಯವಂತ ಕಿವಿಗಳಿಗೂ ಪಾಠ ಕೇಳಿಸದು. ಶಾಲಾ ಕೊಠಡಿ ದುರಸ್ತಿಯ ಅಂದಾಜು ಪಟ್ಟಿ ಸಿದ್ಧಪಡಿಸುವಾಗ ಛಾವಣಿಯ ಕೆಳಗೆ ಒಳಹೊದಿಕೆ ಸೇರಿಸುವುದನ್ನು ಕೇವಲ ಅಲಂಕಾರದ ವೆಚ್ಚವೆಂದು ತೆಗೆದುಹಾಕದಿರುವುದು ಉಚಿತ.

ಕನ್ನಡದಂತಹ ಭಾಷೆಯಲ್ಲಿ ಮಂದ ಶ್ರವಣದ ಪರಿಣಾಮ ಬರವಣಿಗೆಯಲ್ಲಿಯೂ ಕಾಣಿಸಬಹುದು. ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ಕೊನೆಯ ಅಕ್ಷರಗಳೂ ಪದದ ತುದಿಯಲ್ಲಿರುತ್ತವೆ. ಮಾತನಾಡುವಾಗ ತುದಿಯಲ್ಲಿ ಧ್ವನಿ ತಗ್ಗುವುದು ಸಾಮಾನ್ಯ. ಮಂದವಾಗಿ ಕೇಳಿಸುವ ಮಗು “ಮನೆಯಿಂದ”, “ಮನೆಯಲ್ಲಿ”, “ಮನೆಗೆ” ಇವುಗಳ ನಡುವಣ ವ್ಯತ್ಯಾಸವನ್ನು ಹಿಡಿಯಲಾರದೆ ಉಕ್ತಲೇಖನದಲ್ಲಿ ತಪ್ಪುತ್ತದೆ. ಆ ತಪ್ಪಿಗೆ ಅಜಾಗರೂಕತೆ ಎಂಬ ಹೆಸರು ಬೀಳುತ್ತದೆ. ಕರೆದಾಗ ಓಗೊಡದಿರುವುದು, ಪದೇ ಪದೇ “ಆಂ?” ಎನ್ನುವುದು, ಮಾತನಾಡುವವರ ಬಾಯಿಯನ್ನೇ ನೋಡುವುದು, ಒಂದು ಕಿವಿಯನ್ನು ಮುಂದಿಟ್ಟು ತಲೆ ವಾಲಿಸುವುದು, ಟಿ.ವಿ. ಧ್ವನಿ ಹೆಚ್ಚಿಸುವುದು, ಪಕ್ಕದವರನ್ನು ನೋಡಿಕೊಂಡು ಪುಸ್ತಕ ತೆರೆಯುವುದು ಇವು ಶಿಕ್ಷಕರು ಗುರುತಿಸಬಹುದಾದ ಚಿಹ್ನೆಗಳು. ಕಲಿಕೆಯಲ್ಲಿ ಹಿಂದುಳಿದಿದೆ ಎಂದು ಯಾವುದೇ ಮಗುವಿನ ಬಗ್ಗೆ ಎಸ್‌ಡಿಎಂಸಿ ಸಭೆಯಲ್ಲಿ ಮಾತು ಬಂದರೆ, ಕಿವಿಯ ಪರೀಕ್ಷೆಯಾಗಿದೆಯೇ ಎಂದು ಮೊದಲು ವಿಚಾರಿಸಬೇಕು.

ಹುಟ್ಟಿನಿಂದ ಬರುವ ಕಿವುಡುತನ

ಹುಟ್ಟಿನಿಂದಲೇ ಹೆಚ್ಚು ಶ್ರವಣದೋಷವಿರುವ ಶಿಶು ನೋಡಲು ಇತರ ಶಿಶುಗಳಂತೆಯೇ ಇರುತ್ತದೆ. ಮೊದಲ ತಿಂಗಳುಗಳಲ್ಲಿ ದನಿಗೂಡಿಸುವುದೂ ಉಂಟು. ಎರಡು ವರ್ಷವಾದರೂ ಮಾತು ಬಾರದಾಗ “ಇವರಪ್ಪನಿಗೂ ತಡವಾಗಿಯೇ ಮಾತು ಬಂದದ್ದು” ಎಂಬ ಸಮಾಧಾನದಲ್ಲಿ ಇನ್ನೊಂದು ವರ್ಷ ಕಳೆಯುತ್ತದೆ. ಈ ಕಳೆದ ಕಾಲಕ್ಕೆ ಬೆಲೆ ಕಟ್ಟಲಾಗದು, ಏಕೆಂದರೆ ಮಿದುಳು ಭಾಷೆಯನ್ನು ಸುಲಭವಾಗಿ ಕಲಿಯುವುದು ಮೊದಲ ಕೆಲವೇ ವರ್ಷಗಳಲ್ಲಿ. ತಜ್ಞರು ಅನುಸರಿಸುವ ಸೂತ್ರದ ಪ್ರಕಾರ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿಯ ಆರಂಭ ಆಗಬೇಕು. ಶ್ರವಣ ಸಾಧನದಿಂದ ಪ್ರಯೋಜನವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿದ್ದು, ಅದಕ್ಕೆ ಸರ್ಕಾರದ ನೆರವೂ ಉಂಟು. ಆದರೆ ನೆರವಿಗೆ ವಯೋಮಿತಿಯಿದೆ. ಆರನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿಸುವಾಗ ಪತ್ತೆಯಾದ ಮಗುವಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ರಕ್ತಸಂಬಂಧದಲ್ಲಿನ ವಿವಾಹಗಳಿಂದ ಹುಟ್ಟುವ ಮಕ್ಕಳಲ್ಲಿ ಆನುವಂಶಿಕ ಕಿವುಡುತನದ ಸಂಭವ ಹೆಚ್ಚು. ಸೋದರಮಾವ, ಅತ್ತೆಯ ಮಗ ಎಂಬ ಸಂಬಂಧಗಳು ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ರೂಢಿಯಲ್ಲಿರುವುದರಿಂದ ಈ ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಂತಹ ಕುಟುಂಬದಲ್ಲಿ ಮಗು ಹುಟ್ಟಿದಾಗ ಶ್ರವಣ ತಪಾಸಣೆಯನ್ನು ತಪ್ಪಿಸಲೇಬಾರದು. ಗರ್ಭಿಣಿಗೆ ರುಬೆಲ್ಲಾ ತಗುಲುವುದು, ಅವಧಿಗೆ ಮುನ್ನ ಜನನ, ತೀವ್ರ ಕಾಮಾಲೆ, ಮಿದುಳು ಜ್ವರ ಇವೂ ಕಿವುಡುತನಕ್ಕೆ ಕಾರಣಗಳು. ಮಗುವಿಗೆ 9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳ ನಡುವೆ ನೀಡುವ ದಡಾರ-ರುಬೆಲ್ಲಾ ಲಸಿಕೆ ಹಾಗೂ ನ್ಯುಮೋಕಾಕಲ್ ಲಸಿಕೆಗಳು ಕಿವಿಯನ್ನೂ ಕಾಯುತ್ತವೆ ಎಂಬುದನ್ನು ಲಸಿಕಾ ದಿನದಂದು ತಿಳಿಸಿದರೆ ಒಳಿತು. ಬಾಲ್ಯದ ಶ್ರವಣ ನಷ್ಟದಲ್ಲಿ ಸುಮಾರು ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುವಂಥದ್ದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮೂಗು ಮತ್ತು ಗಂಟಲು

ಮೂಗಿನಲ್ಲಿ ರಕ್ತ ಬಂದಾಗ ಮಗುವಿನ ತಲೆಯನ್ನು ಹಿಂದಕ್ಕೆ ಬಾಗಿಸಿ ನೆತ್ತಿಗೆ ನೀರು ಹಾಕುವುದು ಎಲ್ಲೆಡೆ ಕಾಣುವ ಪದ್ಧತಿ. ಇದರಿಂದ ರಕ್ತ ಗಂಟಲಿಗೆ ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಮಗುವನ್ನು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೃದುವಾದ ಕೆಳಭಾಗವನ್ನು 10 ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಬಾಯಿಂದ ಉಸಿರಾಡಲು ಹೇಳಬೇಕು. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸೋರುತ್ತಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು. ಅವರೆಕಾಳು, ಕಡಲೆ, ಹುಣಸೆ ಬೀಜ, ಬಳಪದ ಚೂರು, ಮಣಿ, ಸ್ಪಂಜಿನ ತುಣುಕು ಇವು ಸಾಮಾನ್ಯ. ಚಿಮುಟದಿಂದ ತೆಗೆಯಲು ಹೋದರೆ ವಸ್ತು ಇನ್ನೂ ಒಳಕ್ಕೆ ಜಾರಿ ಶ್ವಾಸನಾಳಕ್ಕೆ ಹೋಗಬಹುದು. ಕಿವಿಯಲ್ಲಿ ಕಾಳು ಸಿಕ್ಕಿದ್ದರೆ ನೀರು ಹಾಕಬಾರದು, ಕಾಳು ನೆನೆದು ಉಬ್ಬುತ್ತದೆ. ಆಟಿಕೆ, ರಿಮೋಟು, ಕೈಗಡಿಯಾರಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿಯಂತೂ ಎಲ್ಲಕ್ಕಿಂತ ಅಪಾಯಕಾರಿ. ಒದ್ದೆ ಪೊರೆಗೆ ತಾಗಿದೊಡನೆ ಅದರಿಂದ ವಿದ್ಯುತ್ ಹರಿದು ಕ್ಷಾರ ಉಂಟಾಗಿ ಅಂಗಾಂಶ ಸುಡುತ್ತದೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳಲ್ಲಿಯೇ ಗಂಭೀರ ಹಾನಿಯಾಗಬಲ್ಲದು. ಮೂಗಿನಲ್ಲಿದ್ದರೆ ಕೆಲವೇ ಗಂಟೆಗಳಲ್ಲಿ ನಡುಗೋಡೆ ತೂತಾಗಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಸದಾ ಬಾಯಿ ತೆರೆದು ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ, ಪದೇ ಪದೇ ಕಿವಿ ಸೋರುವ ಮಗುವಿನಲ್ಲಿ ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿರಬಹುದು. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ ತಜ್ಞರಿಗೆ ತೋರಿಸಬೇಕು. ಗಂಟಲು ನೋವು ಹೆಚ್ಚಾಗಿ ವೈರಾಣುಗಳಿಂದ ಬಂದು ತಾನಾಗಿಯೇ ಹೋಗುತ್ತದೆ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದದ್ದಕ್ಕೆ ಪೂರ್ಣ ಚಿಕಿತ್ಸೆ ಆಗದಿದ್ದರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಹಾನಿಗೊಳ್ಳುವ ಸಂಭವವಿದೆ. ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿಸುವುದು ಅದಕ್ಕಾಗಿಯೇ. ಎರಡನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಬಾರದು.

ಪಂಚಾಯಿತಿಯ ಕೈಯಲ್ಲಿರುವುದು

ವ್ಯವಸ್ಥೆಗಳು ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕಿವಿಯ ಸೋಂಕು, ಹುಟ್ಟು ಕಿವುಡುತನ, ಸೀಳುತುಟಿ ಮತ್ತು ಸೀಳು ಅಂಗುಳ ಇವು ತಪಾಸಣೆಯ ಪಟ್ಟಿಯಲ್ಲಿವೆ. ಕೊರತೆ ಹೆಚ್ಚಾಗಿ ಕಾಣುವುದು ಎರಡು ಕಡೆ. ತಂಡ ಬಂದ ದಿನ ಮಗು ಗೈರುಹಾಜರಾಗಿರುತ್ತದೆ. ಬಹುಸಲ ಕಿವಿನೋವಿನ ಕಾರಣದಿಂದಲೇ. ಅಥವಾ ತಂಡ ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೂ ಒಂದು ದಿನದ ಕೂಲಿ ಮತ್ತು ಬಸ್ ಖರ್ಚಿನ ಲೆಕ್ಕದಲ್ಲಿ ಆ ಚೀಟಿ ಮನೆಯ ಗೂಡಿನಲ್ಲಿಯೇ ಉಳಿಯುತ್ತದೆ.

ಈ ಎರಡು ಕೊರತೆಗಳನ್ನು ತುಂಬಲು ಹೊಸ ಯೋಜನೆ ಬೇಕಾಗಿಲ್ಲ. ತಂಡದ ಭೇಟಿಯ ದಿನಾಂಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮುಂಚಿತವಾಗಿ ಪಡೆದು, ಹಿಂದಿನ ದಿನ ಡಂಗುರ ಸಾರಿಸಿ ಅಥವಾ ಕಸ ಸಂಗ್ರಹ ವಾಹನದ ಧ್ವನಿವರ್ಧಕದಲ್ಲಿ ತಿಳಿಸಬಹುದು. ಭೇಟಿಯ ನಂತರ ಮೇಲಿನ ಆಸ್ಪತ್ರೆಗೆ ಸೂಚಿಸಲಾದ ಮಕ್ಕಳ ಸಂಖ್ಯೆ ಎಷ್ಟು, ಅವರಲ್ಲಿ ಹೋಗಿಬಂದವರು ಎಷ್ಟು ಎಂಬ ಎರಡೇ ಅಂಕಿಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಕೇಳಬೇಕು. ಮಕ್ಕಳ ಹೆಸರು, ಕಾಯಿಲೆಗಳನ್ನು ಸಭೆಯಲ್ಲಿ ಓದಿಸಬಾರದು, ಅದು ಆ ಕುಟುಂಬದ ಖಾಸಗಿ ವಿಷಯ. ಹೋಗದ ಮನೆಗಳಿಗೆ ಆಶಾ ಕಾರ್ಯಕರ್ತೆಯೊಂದಿಗೆ ವಾರ್ಡಿನ ಸದಸ್ಯರು ಒಮ್ಮೆ ಭೇಟಿ ನೀಡುವುದು ಎಷ್ಟೋ ನೋಟಿಸುಗಳಿಗಿಂತ ಪರಿಣಾಮಕಾರಿ. ಪ್ರಯಾಣದ ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯಿಂದ ನೆರವು ನೀಡುವ ಸಾಧ್ಯತೆಯನ್ನು ಸಮಿತಿಯ ಸಭೆಯಲ್ಲಿ ಪರಿಶೀಲಿಸಬಹುದು. ತಮಟೆಯ ಶಸ್ತ್ರಚಿಕಿತ್ಸೆ ಬೇಕಾದವರ ಕುಟುಂಬದ ಪಡಿತರ ಚೀಟಿ ಮತ್ತು ಆಯುಷ್ಮಾನ್ ಕಾರ್ಡ್ ಸರಿಯಾಗಿವೆಯೇ ಎಂಬುದನ್ನು ಆಸ್ಪತ್ರೆಗೆ ಹೊರಡುವ ಮೊದಲೇ ನೋಡಿಕೊಂಡರೆ ಅಲ್ಲಿನ ಅಲೆದಾಟ ತಪ್ಪುತ್ತದೆ.

ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಮಾತನಾಡಬೇಕು. ಪಾಠ ಕೇಳಿಸದಿರುವ ಕೊಠಡಿ ಯಾವುದು ಎಂದು ಕೇಳಿದರೆ ಅವರು ಕೂಡಲೇ ಹೇಳುತ್ತಾರೆ. ಜಾತ್ರೆ, ಮೆರವಣಿಗೆಗಳಲ್ಲಿ ಡಿ.ಜೆ. ಪೆಟ್ಟಿಗೆಯ ಎದುರಿಗೇ ಚಿಕ್ಕ ಮಕ್ಕಳು ಕುಣಿಯುವುದನ್ನು ತಡೆಯುವ ಹೊಣೆಯನ್ನು ಉತ್ಸವ ಸಮಿತಿಗಳಿಗೆ ವಹಿಸುವುದೂ ಅಗತ್ಯ. ಅತಿಶಬ್ದದಿಂದ ಒಳಕಿವಿಯ ಸೂಕ್ಷ್ಮ ಕೋಶಗಳು ನಶಿಸಿದರೆ ಮತ್ತೆ ಬೆಳೆಯುವುದಿಲ್ಲ.

ಶ್ರವಣ ದೋಷ ಖಚಿತವಾದ ಮಗುವಿನ ಕುಟುಂಬಕ್ಕೆ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಕಾರ್ಡಿನ ಅರ್ಜಿಯಲ್ಲಿ ನೆರವಾಗಬೇಕು. ದೋಷ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳು ದೊರೆಯುತ್ತವೆ. ಪರೀಕ್ಷೆ ಮತ್ತು ತರಬೇತಿಗೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕಾ ಕೇಂದ್ರವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದ ಕೇಂದ್ರ. ತಾಯಂದಿರಿಗೆ ತರಬೇತಿ ನೀಡಿ ಅವರಿಂದಲೇ ಮಗುವಿಗೆ ಭಾಷೆ ಕಲಿಸುವ ಕ್ರಮವೂ ಅಲ್ಲಿದೆ.

ಶ್ರವಣ ಸಾಧನ ವಿತರಿಸಿದ ಮೇಲೂ ಗಮನವಿರಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಕಿವಿಯಲ್ಲಿ ಕೂರುವ ಅಚ್ಚನ್ನು ಚಿಕ್ಕ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಅಚ್ಚು ಸಡಿಲವಾದರೆ ಸಾಧನ ಕೀಚಲು ದನಿ ಹೊರಡಿಸುತ್ತದೆ, ಕಿರಿಕಿರಿಯಾಗಿ ಮಗು ಕಿತ್ತೆಸೆಯುತ್ತದೆ. ಬ್ಯಾಟರಿಯೂ ಒಂದೆರಡು ವಾರಗಳಲ್ಲಿ ಮುಗಿಯುತ್ತದೆ. ಹಳ್ಳಿಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ವಿಕಲಚೇತನರಿಗಾಗಿ ಪಂಚಾಯಿತಿಯು ಮೀಸಲಿಡುವ ಅನುದಾನದ ಕ್ರಿಯಾಯೋಜನೆ ತಯಾರಿಸುವಾಗ ಒಂದು ವರ್ಷದ ಬ್ಯಾಟರಿಗಳನ್ನೂ ಅಚ್ಚು ಬದಲಿಸುವ ವೆಚ್ಚವನ್ನೂ ಸೇರಿಸಲು ಅವಕಾಶವಿದೆಯೇ ಎಂಬುದನ್ನು ಸಾಮಾಜಿಕ ನ್ಯಾಯ ಸಮಿತಿಯು ತಾಲ್ಲೂಕು ಪಂಚಾಯಿತಿಯೊಂದಿಗೆ ಚರ್ಚಿಸಿ, ಮಕ್ಕಳ ಪಟ್ಟಿಯೊಡನೆ ಪ್ರಸ್ತಾವನೆ ಸಲ್ಲಿಸಬಹುದು.